ಓದಿ ಸಹಿ ಹಾಕುವವರನ್ನೇ ಹುಡುಕಿ: ಮಾರಿಷಸ್‌ನ ಕಂಪನಿ ಆಡಳಿತ ಸೇವೆಯೊಂದಿಗೆ ಆರು ವರ್ಷ

ಪೀಣ್ಯದಲ್ಲಿ ಸೌರಶಕ್ತಿಯ ನೀರೆತ್ತುವ ಪಂಪು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಹಣಕಾಸು ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. 2019ರಲ್ಲಿ ನಾವು ಮಡಗಾಸ್ಕರ್‌ನ ಪಾಲುದಾರರೊಬ್ಬರ ಜೊತೆಗೂಡಿ ಮಾರಿಷಸ್‌ನಲ್ಲಿ ಒಂದು ಕಂಪನಿ ತೆರೆದೆವು. ಮಡಗಾಸ್ಕರ್‌ನಲ್ಲಿ ಪಂಪು ಮಾರುವ, ಅಳವಡಿಸುವ ಕಂಪನಿಯ ಷೇರುಗಳೆಲ್ಲ ಈ ಮಾರಿಷಸ್ ಕಂಪನಿಯ ಹೆಸರಿನಲ್ಲಿವೆ. ಮಾರಿಷಸ್ ಕಂಪನಿಯ ಷೇರುಗಳಲ್ಲಿ ನಮ್ಮದು ಶೇ. 60, ಅವರದು ಶೇ. 40. ಈ ಆರು ವರ್ಷಗಳಲ್ಲಿ ಎರಡು ಆಡಳಿತ ಸಂಸ್ಥೆಗಳ ಕೈಯಲ್ಲಿ ನಮ್ಮ ಕಡತ ಓಡಾಡಿದೆ. ಇಂಥ ಸೇವೆ ಕೊಳ್ಳಲು ಹೊರಟ ಸಣ್ಣ, ಮಧ್ಯಮ ಉದ್ಯಮದವರು ನನಗೆ ಆಗಾಗ ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ. ಎರಡು ಸಂಸ್ಥೆಗಳ ಹೆಸರನ್ನೂ ಹೇಳುವುದಿಲ್ಲ.

ಮೊದಲು ಸೇವೆ ಏನೆಂದು ಹೇಳುತ್ತೇನೆ. ಮಾರಿಷಸ್‌ನ ಮುಖ್ಯ ದ್ವೀಪ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು. ಅಲ್ಲಿ ಹೊರದೇಶದವರು ಹೊರದೇಶದ ವ್ಯವಹಾರಕ್ಕಾಗಿ ಕಂಪನಿ ತೆರೆಯಬೇಕಾದರೆ ಹಣಕಾಸು ಸೇವೆಗಳ ಆಯೋಗದಿಂದ ಜಾಗತಿಕ ವ್ಯವಹಾರದ ಪರವಾನಗಿ ಪಡೆಯಬೇಕು. ನೇರವಾಗಿ ಹೋಗಿ ಅರ್ಜಿ ಹಾಕುವಂತಿಲ್ಲ. ಆಯೋಗದ ಪರವಾನಗಿ ಇರುವ ಆಡಳಿತ ಸಂಸ್ಥೆಯ ಮೂಲಕವೇ ಹೋಗಬೇಕು. ಆ ಸಂಸ್ಥೆ ನಮ್ಮ ಕಂಪನಿಗೆ ವಿಳಾಸ ಕೊಡುತ್ತದೆ, ಕಾರ್ಯದರ್ಶಿಯ ಕೆಲಸ ಮಾಡುತ್ತದೆ, ಲೆಕ್ಕ ಬರೆಯುತ್ತದೆ, ಕಾನೂನು ಕೇಳುವ ಇಬ್ಬರು ಸ್ಥಳೀಯ ನಿರ್ದೇಶಕರನ್ನು ಒದಗಿಸುತ್ತದೆ. ಕಂಪನಿಯ ಮುಖ್ಯ ಬ್ಯಾಂಕ್ ಖಾತೆ ಮಾರಿಷಸ್‌ನಲ್ಲೇ ಇರಬೇಕು, ಲೆಕ್ಕಪತ್ರ ಅಲ್ಲೇ ಇರಬೇಕು, ಲೆಕ್ಕಪರಿಶೋಧನೆ ಅಲ್ಲೇ ಆಗಬೇಕು. ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ ಕೊನೆಗೆ, ಪರಿಶೋಧಿತ ಲೆಕ್ಕ ಆಯೋಗದ ಕೈ ಸೇರಬೇಕು. ಇದೆಲ್ಲಕ್ಕೂ ಸೇರಿ ನಮಗೆ ವರ್ಷಕ್ಕೆ ಸುಮಾರು 14 ಸಾವಿರ ಡಾಲರ್ ಖರ್ಚಾಗುತ್ತದೆ.

ಮಾರಿಷಸ್ ಎಂದ ಕೂಡಲೇ ನಮ್ಮಲ್ಲಿ ತೆರಿಗೆ ಎಂಬ ಮಾತೇ ಮೊದಲು ಬರುತ್ತದೆ. ಅದಕ್ಕೆ ಕಾರಣವಿದೆ. 1982ರಲ್ಲಿ ಭಾರತ ಮತ್ತು ಮಾರಿಷಸ್ ಸಹಿ ಹಾಕಿದ ಒಪ್ಪಂದದ ಪ್ರಕಾರ, ಭಾರತದ ಷೇರು ಮಾರಿ ಬಂದ ಲಾಭಕ್ಕೆ ಮಾರಿಷಸ್ ನಿವಾಸಿ ಕಂಪನಿ ಇಲ್ಲಿ ತೆರಿಗೆ ಕಟ್ಟಬೇಕಿರಲಿಲ್ಲ. ಅಲ್ಲಿಯೂ ಅದಕ್ಕೆ ತೆರಿಗೆ ಇಲ್ಲ. 2002ರಲ್ಲಿ ನಾನು ಆರ್ಟಿಕಲ್‌ಶಿಪ್‌ಗೆ, ಅಂದರೆ ಲೆಕ್ಕಪರಿಶೋಧಕರ ಬಳಿ ತರಬೇತಿಗೆ, ಸೇರಿದಾಗ ಕಡತವೊಂದರಲ್ಲಿ ಮಾರಿಷಸ್‌ನ ತೆರಿಗೆ ನಿವಾಸಿ ಪ್ರಮಾಣಪತ್ರವನ್ನು ಮೊದಲ ಬಾರಿ ನೋಡಿದ್ದೆ. ಒಂದೇ ಹಾಳೆ, ಕೆಳಗೊಂದು ಮೊಹರು. "ಈ ಕಾಗದ ಇದ್ದರೆ ಸಾಕಮ್ಮ, ಇನ್ನೇನೂ ಕೇಳುವಂತಿಲ್ಲ" ಎಂದು ನಮ್ಮ ಹಿರಿಯರು ಹೇಳಿದ್ದರು. 2000ದ ಏಪ್ರಿಲ್‌ನಲ್ಲಿ ನೇರ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆ ಹಾಗೇ ಹೇಳಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. 2000ದಿಂದ ಈಚೆಗೆ ಭಾರತಕ್ಕೆ ಬಂದ ವಿದೇಶಿ ನೇರ ಬಂಡವಾಳದಲ್ಲಿ ಸುಮಾರು ಕಾಲು ಭಾಗ ಈ ಪುಟ್ಟ ದ್ವೀಪದ ವಿಳಾಸದಿಂದ ಬಂದಿದೆ. ಅದರಲ್ಲಿ ಒಂದು ಪಾಲು ಇಲ್ಲಿಂದಲೇ ಹೋಗಿ ಸುತ್ತಿ ಬಂದ ಹಣ ಎಂಬ ಆರೋಪ ಅಂದಿನಿಂದಲೂ ಇತ್ತು. ನನಗೆ ಆ ಒಂಟಿ ಹಾಳೆಯ ಮೇಲೆ ಆಗಲೂ ನಂಬಿಕೆ ಕೂರಲಿಲ್ಲ. ಕಂಪನಿ ಎಲ್ಲಿದೆ ಎಂದು ಕೇಳಿದರೆ ಕಾಗದ ತೋರಿಸುವುದು ಉತ್ತರವಾಗಲಾರದು ಎಂದು ಅನ್ನಿಸುತ್ತಿತ್ತು.

ಆ ಕಾಲ ಮುಗಿಯಿತು. 2016ರ ಮೇ 10ರಂದು ಒಪ್ಪಂದಕ್ಕೆ ತಿದ್ದುಪಡಿಯಾಗಿ, 2017ರ ಏಪ್ರಿಲ್ 1ರ ನಂತರ ಕೊಂಡ ಷೇರುಗಳ ಲಾಭಕ್ಕೆ ಭಾರತದಲ್ಲಿ ತೆರಿಗೆ ಬಂತು. ಭಾರತಕ್ಕೆ ಹಣ ತರುವ ಅಡ್ಡದಾರಿಯಾಗಿ ಮಾರಿಷಸ್ ಬೇಕು ಎನ್ನುವವರು ಈ ಬರಹವನ್ನು ಇಲ್ಲಿಗೇ ಬಿಡಬಹುದು. ನಾನು ಹೇಳಹೊರಟಿರುವುದು ಇಲ್ಲಿಂದ ಆಫ್ರಿಕಾಕ್ಕೆ ಹೋಗುವವರ ವಿಷಯ.

ನಮಗೆ ಮಾರಿಷಸ್ ಬೇಕಾದದ್ದು ಏಕೆ? ನಮ್ಮ ಮಡಗಾಸ್ಕರ್ ಪಾಲುದಾರರು ಫ್ರೆಂಚ್‌ನಲ್ಲಿ ವ್ಯವಹಾರ ಮಾಡುವವರು. ಅಲ್ಲಿನ ಕಾನೂನೂ ಫ್ರೆಂಚ್ ಬೇರಿನದು. ಬೆಂಗಳೂರಿನ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಸಲು ಅವರು ಒಪ್ಪುವುದಿಲ್ಲ, ಅವರ ರಾಜಧಾನಿ ಅಂಟಾನನರಿವೊದಲ್ಲಿ ನಡೆಸಲು ನಾವು ಒಪ್ಪುವುದಿಲ್ಲ. ಮಾರಿಷಸ್ 1810ರವರೆಗೆ ಫ್ರೆಂಚರ ಕೈಯಲ್ಲಿತ್ತು, ಆಮೇಲೆ 1968ರವರೆಗೆ ಬ್ರಿಟಿಷರ ಕೈಯಲ್ಲಿ. ಹಾಗಾಗಿ ಅಲ್ಲಿ ನೆಪೋಲಿಯನ್ ಕಾಲದ ನಾಗರಿಕ ಸಂಹಿತೆಯೂ ಉಳಿದಿದೆ, ಇಂಗ್ಲಿಷ್ ಮಾದರಿಯ ಕಂಪನಿ ಕಾನೂನೂ ಇದೆ. ಕೊನೆಯ ಮೇಲ್ಮನವಿ ಇಂದಿಗೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತದೆ. ಒಂದೇ ಮೇಜಿನಲ್ಲಿ ಕುಳಿತು ಅದೇ ಕರಾರನ್ನು ಫ್ರೆಂಚ್‌ನಲ್ಲಿ ಓದಿ ಇಂಗ್ಲಿಷ್‌ನಲ್ಲಿ ತಿದ್ದುವ ವಕೀಲೆಯೊಬ್ಬರನ್ನು ಅಲ್ಲಿ ನಾನು ಕಣ್ಣಾರೆ ನೋಡಿದೆ. ಡಾಲರ್ ಖಾತೆಗೆ ತಡೆಯಿಲ್ಲ. ಅಲ್ಲಿಂದ ಅಂಟಾನನರಿವೊಗೆ ವಿಮಾನದಲ್ಲಿ ಎರಡು ಗಂಟೆಯೊಳಗಿನ ದಾರಿ. ನಮಗಿಂತ ಅವರ ಗಡಿಯಾರ ಒಂದೂವರೆ ಗಂಟೆ ಹಿಂದೆ. ನಮ್ಮ ಹತ್ತೂವರೆಗೆ ಅವರ ಕಚೇರಿ ತೆರೆಯುತ್ತದೆ. ತೆರಿಗೆ ಶೇ. 15, ಕೆಲವು ಬಗೆಯ ವರಮಾನಕ್ಕೆ, ಷರತ್ತು ಪೂರೈಸಿದರೆ, ಶೇ. 80ರಷ್ಟು ವಿನಾಯಿತಿ ಇದೆ. ಅದು ನಮಗೆ ಉಪಯೋಗಕ್ಕೆ ಬಂದಿಲ್ಲವೆಂದು ಹೇಳುವುದಿಲ್ಲ, ಆದರೆ ಅದೊಂದಕ್ಕಾಗಿ ಯಾರೂ ವರ್ಷಕ್ಕೆ 14 ಸಾವಿರ ಡಾಲರ್ ಖರ್ಚು ಮಾಡುವುದಿಲ್ಲ.

ಈಗ ಮೊದಲ ಸಂಸ್ಥೆಯ ಕಥೆ. ಕಡಿಮೆ ಶುಲ್ಕ, ಚುರುಕಾದ ಉತ್ತರ. ಕಳಿಸಿದ ಕಾಗದ ಗಂಟೆಯೊಳಗೆ ಸಹಿಯಾಗಿ ಬರುತ್ತಿತ್ತು. ನಮ್ಮ ಮಾಲೀಕರಿಗೆ ಭಾರಿ ಖುಷಿ. 2020ರಲ್ಲಿ ಮಡಗಾಸ್ಕರ್ ಕಂಪನಿಗೆ ಒಂದೂವರೆ ಲಕ್ಷ ಡಾಲರ್ ಸಾಲ ಕೊಡುವ ನಿರ್ಣಯದ ಕರಡನ್ನು ನಮ್ಮ ಕಚೇರಿಯಿಂದ ಕಳಿಸಿದೆವು. ಕರಡಿನಲ್ಲಿ ನಾವು ನಮ್ಮ ರೂಢಿಯಂತೆ 1,50,000 ಎಂದು ಬರೆದಿದ್ದೆವು. ಒಂದರ ಪಕ್ಕದಲ್ಲಿ ಅಲ್ಪವಿರಾಮ ಕಂಡು ದಶಲಕ್ಷವೆಂದೇ ಭಾವಿಸಿ, ಕೊನೆಯಲ್ಲಿ ಸೊನ್ನೆ ಬಿಟ್ಟುಹೋಗಿದೆ ಎಂದು ಅಲ್ಲಿನ ಯಾರೋ ಅದನ್ನು 1,500,000 ಮಾಡಿದರು. ಹದಿನೈದು ಲಕ್ಷ ಡಾಲರ್! ಕಂಪನಿಯ ಖಾತೆಯಲ್ಲಿ ಅಷ್ಟು ಹಣವೇ ಇರಲಿಲ್ಲ. ಅದರ ಕೆಳಗೆ ಇಬ್ಬರು ನಿರ್ದೇಶಕರ ಸಹಿ ನೀಟಾಗಿ ಬಿದ್ದಿತ್ತು. ನಾವು ಕಳಿಸಿದ್ದು ಮಧ್ಯಾಹ್ನ 2.10ಕ್ಕೆ, ಸಹಿಯಾಗಿ ಬಂದದ್ದು 2.50ಕ್ಕೆ. ತಪ್ಪು ಕಂಡುಹಿಡಿದದ್ದು ಬ್ಯಾಂಕಿನವರು.

ಆ ದಿನ ನಾನು ಮುದ್ರಿಸಿಟ್ಟುಕೊಂಡ ಆ ಹಾಳೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಫೋನ್ ಮಾಡಿ ಕೇಳಿದರೆ, "ತಿದ್ದಿದ ಪ್ರತಿಯನ್ನು ಇವತ್ತೇ ಕಳಿಸುತ್ತೇವೆ ಮೇಡಂ" ಎಂದರು. ತಿದ್ದಿದ ಪ್ರತಿ ನನಗೆ ಬೇಕಾಗಿರಲಿಲ್ಲ. ಆ ಇಬ್ಬರೂ ಅದನ್ನು ಓದಿದ್ದರೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಬರಲಿಲ್ಲ. ಅದೇ ಇಬ್ಬರು ಇನ್ನೂ ಎಷ್ಟೋ ಕಂಪನಿಗಳಿಗೆ ನಿರ್ದೇಶಕರಾಗಿದ್ದರು ಎಂದು ಆಮೇಲೆ ತಿಳಿಯಿತು.

ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ಕಂಪನಿಯ ನಿರ್ಧಾರಗಳೆಲ್ಲ ನಿಜವಾಗಿ ಬೆಂಗಳೂರಿನಲ್ಲೇ ಆಗಿ, ಮಾರಿಷಸ್‌ನಲ್ಲಿ ಸಹಿ ಮಾತ್ರ ಬೀಳುತ್ತಿದ್ದರೆ, ಪರಿಣಾಮಕಾರಿ ಆಡಳಿತ ಇಲ್ಲೇ ಇದೆ, ಆದ್ದರಿಂದ ಇದು ಭಾರತದ್ದೇ ಕಂಪನಿ ಎಂದು ನಮ್ಮ ತೆರಿಗೆ ಇಲಾಖೆ ಹೇಳಬಹುದು. ವರ್ಷದ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಇದರಿಂದ ವಿನಾಯಿತಿ ಇದೆ. ನಾವು ಆ ಮಿತಿಯೊಳಗೇ ಇದ್ದೆವು. ಆದರೆ ಬೆಳೆಯಬೇಕೆಂದೇ ತೆರೆದ ಕಂಪನಿಯನ್ನು ಚಿಕ್ಕದಾಗಿರುತ್ತದೆ ಎಂಬ ಧೈರ್ಯದ ಮೇಲೆ ನಡೆಸಲು ಆಗುತ್ತದೆಯೇ?

ಅದೇ ಹೊತ್ತಿಗೆ ದ್ವೀಪಕ್ಕೂ ಕಷ್ಟಕಾಲ ಬಂತು. ಅಕ್ರಮ ಹಣದ ಮೇಲಿನ ನಿಗಾ ಸಾಲದೆಂದು 2020ರ ಫೆಬ್ರವರಿಯಲ್ಲಿ ಅಕ್ರಮ ಹಣ ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಮಾರಿಷಸ್ಸನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾ ಬೇಕಾದ ದೇಶಗಳ ಪಟ್ಟಿಗೆ, ಸೇರಿಸಿತು. ಅಕ್ಟೋಬರ್‌ನಿಂದ ಯುರೋಪಿಯನ್ ಒಕ್ಕೂಟದ ಅಪಾಯದ ದೇಶಗಳ ಪಟ್ಟಿಯಲ್ಲೂ ಅದರ ಹೆಸರು ಬಂತು. ಯುರೋಪಿನಿಂದ ನಾವು ತರಿಸುವ ಇನ್ವರ್ಟರ್‌ಗಳಿಗೆ ಮೂರು ದಿನದಲ್ಲಿ ಆಗುತ್ತಿದ್ದ ಪಾವತಿಗೆ ಮೂರು ವಾರ ಹಿಡಿಯತೊಡಗಿತು. ಪ್ರತಿ ಪಾವತಿಗೂ ಪ್ರಶ್ನೆಗಳ ಸರಮಾಲೆ. ಮಡಗಾಸ್ಕರ್‌ನ ಹಳ್ಳಿಗಳಲ್ಲಿ ಭತ್ತದ ಗದ್ದೆಗೆ ನೀರು ಬೇಕಾದ ಹೊತ್ತಿನಲ್ಲಿ ನಮ್ಮ ಸಾಮಾನು ಬಂದರಿನಲ್ಲಿ ಕೂತಿತ್ತು. ಆ ಪಟ್ಟಿಯಿಂದ ನಮಗೆ ನಷ್ಟವಾಯಿತು. ಆದರೂ ಆ ಪಟ್ಟಿ ಅನ್ಯಾಯದ್ದು ಎಂದು ನನ್ನ ಬಾಯಿಂದ ಬರಲಿಲ್ಲ. ಖಾನೆಯಲ್ಲಿದ್ದ ಆ ಹಾಳೆ ನನ್ನ ಬಾಯಿ ಕಟ್ಟಿಹಾಕಿತ್ತು.

2021ರಲ್ಲಿ ಸಂಸ್ಥೆ ಬದಲಿಸಿದೆವು. ಬದಲಿಸುವುದು ಸುಲಭವಲ್ಲ, ಇದನ್ನು ಗುರುತಿಟ್ಟುಕೊಳ್ಳಿ. ಕಡತ ಹಸ್ತಾಂತರಕ್ಕೆ ಹಳೆಯ ಸಂಸ್ಥೆ ಕೊನೆಯ ಬಿಲ್ಲು ತೀರಿಸುವವರೆಗೂ ಕಾಯಿಸಿತು, ಬಿಲ್ಲಿನಲ್ಲಿ ಕಡತ ಹುಡುಕಿದ ಗಂಟೆಗಳನ್ನೂ ಸೇರಿಸಿತು. ಮೊದಲ ಕರಾರಿಗೆ ಸಹಿ ಹಾಕುವಾಗಲೇ ಹಸ್ತಾಂತರದ ಶುಲ್ಕ ಮತ್ತು ಗಡುವನ್ನು ಬರೆಸಿಕೊಳ್ಳಿ.

ಹೊಸ ಸಂಸ್ಥೆಯಲ್ಲಿ ನಮ್ಮ ಪರಿಚಯದ ದಾಖಲೆ ತಯಾರಿಸಲು ನಾಲ್ಕು ತಿಂಗಳು ಹಿಡಿಯಿತು. ಪಾಸ್‌ಪೋರ್ಟ್‌ನ ದೃಢೀಕೃತ ಪ್ರತಿ, ವಿಳಾಸಕ್ಕೆ ವಿದ್ಯುತ್ ಬಿಲ್ಲು, ಬ್ಯಾಂಕಿನ ಪತ್ರ, ಹಣದ ಮೂಲದ ವಿವರ. ನಮ್ಮ ಮಾಲೀಕರ ಹೆಸರೇ ದೊಡ್ಡ ಸಮಸ್ಯೆಯಾಯಿತು. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಕುಲನಾಮದ ಜಾಗದಲ್ಲಿದೆ. ಬ್ಯಾಂಕಿನಲ್ಲಿ ಊರಿನ ಇನಿಷಿಯಲ್, ತಂದೆಯ ಇನಿಷಿಯಲ್, ಆಮೇಲೆ ಅವರ ಹೆಸರು. ಬೆಸ್ಕಾಂ ಬಿಲ್ಲು ಇನ್ನೂ ತೀರಿಕೊಂಡ ಅವರ ತಾಯಿಯ ಹೆಸರಿನಲ್ಲಿದೆ. ಮೂವರೂ ಬೇರೆ ಬೇರೆ ಜನ ಎಂದೇ ಅವರ ಕಂಪ್ಯೂಟರ್ ಹೇಳುತ್ತಿತ್ತು. ನಮ್ಮ ಕಡೆ ಕುಲನಾಮವೇ ಇರುವುದಿಲ್ಲ ಎಂದು ನಾನು ಎರಡು ಪುಟದ ಪತ್ರ ಬರೆದೆ. ಪರಿಶೀಲನೆ ಮಾಡುವ ಹುಡುಗಿ ಅದನ್ನು ಪೂರ್ತಿ ಓದಿ ಫೋನ್ ಮಾಡಿದಳು. "ನನಗೆ ಅರ್ಥವಾಯಿತು ಮೇಡಂ. ನಮ್ಮ ಮನೆತನದ ಹೆಸರೂ ಹಾಗೇ ಆದದ್ದು. ನಮ್ಮ ಮುತ್ತಾತ ಹಡಗಿನಿಂದ ಇಳಿದಾಗ ಗುಮಾಸ್ತನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದುಬಿಟ್ಟ. ಅದೇ ಇವತ್ತಿಗೂ ನನ್ನ ಹೆಸರು" ಎಂದಳು.

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದಿನ ಬಾರಿ ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಸ್‌ಗೆ ಹೋದಾಗ ಕೆಲಸ ಮುಗಿಸಿಕೊಂಡು ಆಪ್ರವಾಸಿ ಘಾಟ್‌ಗೆ ಹೋದೆ. ಗುಲಾಮಗಿರಿ ರದ್ದಾಗುತ್ತಿದ್ದ ಕಾಲಕ್ಕೆ, 1834ರಿಂದ, ಕಬ್ಬಿನ ತೋಟಗಳಿಗೆಂದು ಭಾರತದಿಂದ ಕರಾರು ಕೂಲಿಗಳನ್ನು ತಂದರು. ಅಲ್ಲಿ ಇಳಿದವರು ಸುಮಾರು ಐದು ಲಕ್ಷ ಜನ: ಬಿಹಾರದ ಕಡೆಯವರು ಹೆಚ್ಚು, ತಮಿಳರು, ತೆಲುಗರು, ಮರಾಠಿಗರು. ಈಗ ಅದು ವಿಶ್ವ ಪರಂಪರೆಯ ತಾಣ. ಹಡಗಿನಿಂದ ಹತ್ತಿ ಬಂದ ಕಲ್ಲಿನ ಮೆಟ್ಟಿಲುಗಳು ಹಾಗೇ ಇವೆ. ಆ ಮೆಟ್ಟಿಲುಗಳ ಮುಂದೆ ನಿಂತಾಗ ನನಗೆ ಸಹಿಯದೇ ಯೋಚನೆ. ಓದಲು ಬಾರದವರಿಂದ, ಓದಿ ಹೇಳುವವರಿಲ್ಲದೆ, ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವರ ಮೊಮ್ಮಕ್ಕಳ ಮಕ್ಕಳು ಇಂದು ಎರಡು ಭಾಷೆಯಲ್ಲಿ ಕಾನೂನು ಓದಿ, ಪರರ ಕರಾರುಗಳನ್ನು ತಿದ್ದಿ ಬದುಕು ಕಟ್ಟಿಕೊಂಡಿದ್ದಾರೆ. ಕಬ್ಬಿನಿಂದ ಬಟ್ಟೆಗೆ, ಬಟ್ಟೆಯಿಂದ ಪ್ರವಾಸಕ್ಕೆ, ಹೊರದೇಶದ ವ್ಯವಹಾರದ ಕಂಪನಿಗಳಿಗೆ ದಾರಿ ತೆರೆದ 1992ರ ಕಾನೂನಿನ ನಂತರ ಈ ಹಣಕಾಸಿನ ಕೆಲಸಕ್ಕೆ ಆ ದೇಶ ಹೊರಳಿದ್ದು ಸುಮ್ಮನೆ ಆದದ್ದಲ್ಲ. ಓದಿದ ಮಕ್ಕಳನ್ನು ಬಿಟ್ಟರೆ ಅವರ ಹತ್ತಿರ ಮಾರಲು ಬೇರೆ ಹೆಚ್ಚೇನೂ ಇರಲಿಲ್ಲ. ಅಂಥ ಜಾಗದಲ್ಲಿ ಓದದೆ ಸಹಿ ಹಾಕುವವರನ್ನು ನೋಡಿದರೆ ಸಿಟ್ಟು ಬರುವುದಿಲ್ಲವೇ? ನನಗಂತೂ ಬಂತು.

ಎರಡನೆಯ ಸಂಸ್ಥೆಯ ಕಚೇರಿ ಎಬೆನ್‌ನಲ್ಲಿದೆ. ಇಪ್ಪತ್ತೈದು ವರ್ಷದ ಹಿಂದೆ ಕಬ್ಬಿನ ಗದ್ದೆಯಾಗಿದ್ದ ಜಾಗ. ಭಾರತದ ಸಾಲದ ನೆರವಿನಿಂದ ಅಲ್ಲಿ ಮೊದಲ ಸೈಬರ್ ಗೋಪುರ ಎದ್ದಿತು. ಈಗ ಮೆಟ್ರೊ ಕೂಡ ಅಲ್ಲಿಗೆ ಹೋಗುತ್ತದೆ. ನಮ್ಮ ಇಬ್ಬರು ಸ್ಥಳೀಯ ನಿರ್ದೇಶಕರಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರು ಓದುವುದನ್ನು ನೋಡಬೇಕು. ಕರಾರಿನ ಹಾಳೆಯ ಮೇಲೆ ಮರದ ಸ್ಕೇಲನ್ನು ಅಡ್ಡ ಇಟ್ಟುಕೊಂಡು, ಒಂದೊಂದೇ ಸಾಲು ಕೆಳಗಿಳಿಸುತ್ತಾ ಓದುತ್ತಾರೆ. ಅಂಕಿ ಬಂದಾಗ ಸ್ಕೇಲು ನಿಲ್ಲುತ್ತದೆ. ಪೆನ್ಸಿಲ್ಲಿನಿಂದ ಪಕ್ಕದಲ್ಲಿ ಅದನ್ನೇ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ಸಭೆಯಲ್ಲಿ ಹದಿನಾಲ್ಕು ಪುಟಕ್ಕೆ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡರು. ಯಾರೂ ಮಾತಾಡಲಿಲ್ಲ. ಪಕ್ಕದ ಮೇಜಿನಲ್ಲಿ ತಂದಿಟ್ಟ ದಾಲ್‌ಪುರಿ ತಣ್ಣಗಾಯಿತು. ನಾನು ಅಂದು ಎಷ್ಟು ನೆಮ್ಮದಿಯಿಂದ ಕುಳಿತಿದ್ದೆ ಎಂದು ಹೇಳಲಾರೆ.

2021ರ ಡಿಸೆಂಬರ್‌ನಲ್ಲಿ ನಮ್ಮ ಮಾಲೀಕರು ಲಾಭಾಂಶ ಹಂಚೋಣ ಎಂದರು. ಖಾತೆಯಲ್ಲಿ ಹಣ ಇತ್ತು, ಪಾಲುದಾರರೂ ಒಪ್ಪಿದ್ದರು. ಈ ಹಿರಿಯರು ಒಪ್ಪಲಿಲ್ಲ. ಅಲ್ಲಿನ 2001ರ ಕಂಪನಿ ಕಾನೂನಿನ ಪ್ರಕಾರ, ಲಾಭಾಂಶ ಕೊಟ್ಟ ಮೇಲೂ ಕಂಪನಿ ತನ್ನ ಬಾಕಿಗಳನ್ನು ತೀರಿಸಬಲ್ಲದು ಎಂದು ನಿರ್ದೇಶಕರಿಗೆ ಖಾತರಿಯಾಗಬೇಕು. "ಚಂಡಮಾರುತದ ಕಾಲ ಇನ್ನೂ ಮುಂದಿದೆ. ನಿಮ್ಮ ಗೋದಾಮು ಕರಾವಳಿಯಲ್ಲಿದೆ. ವಿಮೆಯ ಹಣ ಬರುವವರೆಗೆ ಮೂರು ತಿಂಗಳ ಸಂಬಳ ಎಲ್ಲಿಂದ ಕೊಡುತ್ತೀರಿ, ಅದನ್ನು ಬರೆದು ತೋರಿಸಿ" ಎಂದರು. ನಾವು ಬರೆದು ತೋರಿಸಲಾಗಲಿಲ್ಲ. "ನಮ್ಮ ಹಣ ನಮಗೆ ಕೊಡಲು ಅವರ ಅಪ್ಪಣೆ ಬೇಕೇ?" ಎಂದು ಮಾಲೀಕರು ನನ್ನ ಮೇಲೆ ರೇಗಿದರು. ಬೇಕು ಸರ್, ಅದಕ್ಕೇ ಅವರಿಗೆ ದುಡ್ಡು ಕೊಡುತ್ತಿರುವುದು ಎಂದೆ. 2022ರ ಫೆಬ್ರವರಿ 5ರಂದು ಬತ್ಸಿರಾಯ್ ಚಂಡಮಾರುತ ಮಡಗಾಸ್ಕರ್‌ನ ಪೂರ್ವ ಕರಾವಳಿಗೆ ಅಪ್ಪಳಿಸಿತು. ಗೋದಾಮಿನ ಛಾವಣಿ ಹಾರಿ, ಇನ್ನೂರಕ್ಕೂ ಹೆಚ್ಚು ಪಂಪುಗಳ ಪೆಟ್ಟಿಗೆಗಳು ನೆಂದವು. ಹಂಚದೆ ಉಳಿದಿದ್ದ ಹಣದಲ್ಲೇ ಅಲ್ಲಿನ ಹತ್ತೊಂಬತ್ತು ಜನರಿಗೆ ಏಪ್ರಿಲ್‌ವರೆಗೆ ಸಂಬಳ ಕೊಟ್ಟೆವು. ಮಾಲೀಕರು ಆಮೇಲೆ ಆ ಹಿರಿಯರಿಗೆ ತಾವೇ ಫೋನ್ ಮಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಆದರೆ ಮುಂದಿನ ಸಭೆಗೆ ತಾವೇ ಹೊರಟರು.

ದೂರುಗಳೂ ಇವೆ. ಇಮೇಲ್ ಒಂದಕ್ಕೆ ಉತ್ತರಿಸಿದರೂ ಗಂಟೆಯ ಲೆಕ್ಕದಲ್ಲಿ ಬಿಲ್ಲು ಬರುತ್ತದೆ; ನಾನು ಈಗ ಪ್ರಶ್ನೆಗಳನ್ನು ಕೂಡಿಟ್ಟು ವಾರಕ್ಕೊಮ್ಮೆ ಕಳಿಸುತ್ತೇನೆ. ಸಿಬ್ಬಂದಿ ಪದೇ ಪದೇ ಬದಲಾಗುತ್ತಾರೆ. ಹೆಸರಿನ ವಿಷಯ ಅರ್ಥ ಮಾಡಿಕೊಂಡ ಆ ಹುಡುಗಿಯೂ ಒಂದೂವರೆ ವರ್ಷಕ್ಕೆ ಬೇರೆ ಕಡೆ ಹೋದಳು, ನಾನು ಮತ್ತೆ ಅದೇ ಎರಡು ಪುಟದ ಪತ್ರ ಕಳಿಸಬೇಕಾಯಿತು. ಬ್ಯಾಂಕಿನ ಶುಲ್ಕ ನಮ್ಮಲ್ಲಿಗಿಂತ ಬಹಳ ಹೆಚ್ಚು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಭಯ: ಮೂರನೆಯ ದರ್ಜೆಯ ಎಚ್ಚರಿಕೆ ಹೊರಟರೆ ಬ್ಯಾಂಕು, ಕಚೇರಿ, ಬಸ್ಸು ಎಲ್ಲವೂ ಬಂದ್. 2024ರ ಜನವರಿಯಲ್ಲಿ ಬೆಲಾಲ್ ಬಂದಾಗ ಪೋರ್ಟ್ ಲೂಯಿಸ್ ಬೀದಿಗಳಲ್ಲಿ ಕಾರುಗಳೇ ತೇಲಿಹೋದವು. ನಮ್ಮ ಪಾವತಿಗಳು ನಿಂತದ್ದರ ಬಗ್ಗೆ ದೂರುವ ಮನಸ್ಸಾಗಲಿಲ್ಲ. ಗಡುವಿನ ಕೆಲಸವನ್ನು ಆ ತಿಂಗಳುಗಳಿಗೆ ಇಟ್ಟುಕೊಳ್ಳಬೇಡಿ. ಭಾರತದ ಕಡೆಯ ಕೆಲಸವನ್ನೂ ಮರೆಯಬೇಡಿ: ಹೊರದೇಶದ ಹೂಡಿಕೆಯ ವಾರ್ಷಿಕ ವರದಿ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ನಿಮ್ಮ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ಹೋಗಬೇಕು. ಅದನ್ನು ಮಾರಿಷಸ್‌ನವರು ನೆನಪಿಸುವುದಿಲ್ಲ.

ಯಾರಿಗೆ ಇದು ಬೇಡ? ಆಫ್ರಿಕಾದ ಒಂದೇ ದೇಶದಲ್ಲಿ, ಪಾಲುದಾರರಿಲ್ಲದೆ, ಸಣ್ಣ ಮೊತ್ತದ ವ್ಯವಹಾರ ಮಾಡುವವರಿಗೆ ಬೇಡ; ನೇರವಾಗಿ ಅಲ್ಲೇ ಕಂಪನಿ ತೆರೆಯಿರಿ. ತೆರಿಗೆಯ ಒಪ್ಪಂದ ಶಾಶ್ವತ ಎಂದುಕೊಂಡವರಿಗೂ ಬೇಡ. ಸೆನೆಗಲ್ ಮತ್ತು ಜಾಂಬಿಯಾ 2020ರಲ್ಲಿ ಮಾರಿಷಸ್ ಜೊತೆಗಿನ ತಮ್ಮ ಒಪ್ಪಂದಗಳನ್ನು ಕೈಬಿಟ್ಟವು. ಬೂದು ಪಟ್ಟಿಯಿಂದ ಮಾರಿಷಸ್ 2021ರ ಅಕ್ಟೋಬರ್‌ನಲ್ಲಿ ಹೊರಬಂತು, ಮರು ವರ್ಷ ಯುರೋಪಿನ ಪಟ್ಟಿಯಿಂದಲೂ ಹೆಸರು ಹೋಯಿತು. ಆದರೆ ಆ ಇಪ್ಪತ್ತು ತಿಂಗಳನ್ನು ನಾನು ಮರೆತಿಲ್ಲ.

ಬೇಕು ಎನ್ನುವವರು ಸಂಸ್ಥೆಯನ್ನು ಆರಿಸುವಾಗ ಶುಲ್ಕದ ಪಟ್ಟಿಯನ್ನು ಆಮೇಲೆ ನೋಡಿ. ನಿರ್ದೇಶಕರಾಗುವವರನ್ನು ಮುಖತಃ ಭೇಟಿಯಾಗಿ. ಒಬ್ಬೊಬ್ಬರು ಎಷ್ಟು ಕಂಪನಿಗಳಲ್ಲಿ ಕುಳಿತಿದ್ದಾರೆ ಎಂದು ಕೇಳಿ. ಯಾವ ಗ್ರಾಹಕರಿಗೆ, ಯಾವ ವಿಷಯಕ್ಕೆ ಕೊನೆಯ ಬಾರಿ "ಆಗುವುದಿಲ್ಲ" ಎಂದಿರಿ ಎಂದು ಕೇಳಿ. ಗ್ರಾಹಕರ ಹೆಸರು ಹೇಳುವುದು ಬೇಡ, ವಿಷಯ ಹೇಳಿದರೆ ಸಾಕು. ಮೊದಲ ಸಂಸ್ಥೆಗೆ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಎರಡನೆಯ ಸಂಸ್ಥೆಯಲ್ಲಿ ಕೇಳಿದಾಗ ಆ ಹಿರಿಯರು ಇಪ್ಪತ್ತು ನಿಮಿಷ ಮಾತಾಡಿದ್ದರು.

ಮುಂದಿನ ಮಂಡಳಿ ಸಭೆ ಇದೇ ತಿಂಗಳ ಕೊನೆಗೆ. ಹೊಸ ಸಾಲಪತ್ರದ ಕರಡನ್ನು ಸೋಮವಾರ ಕಳಿಸಿದ್ದೆ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು. ನಿನ್ನೆ ಅವರಿಂದ ಹನ್ನೊಂದು ಪ್ರಶ್ನೆಗಳು ಬಂದಿವೆ. ಏಳಕ್ಕೆ ಉತ್ತರ ಬರೆದಾಯಿತು. ಉಳಿದ ನಾಲ್ಕಕ್ಕೆ ನಾಳೆ ಬೆಳಿಗ್ಗೆ ಅಂಟಾನನರಿವೊಗೆ ಫೋನ್ ಮಾಡಬೇಕು.